ನಾಲ್ಕು ನಗೆಯ ಚೀಟಿಗಳು

ಆ ನಿಘಂಟು ಕಚೇರಿಯಲ್ಲಿ ಒಂದು ಹಟಮಾರಿ ಪದ್ಧತಿ ಇತ್ತು. ಇಂಗ್ಲಿಷ್ ಪದಕ್ಕೆ ಅರ್ಥ ಬರೆದರೆ ಸಾಲದು. ಕಣ್ಣಾರೆ ಕಂಡ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದು, ಪದ ಮುಚ್ಚಿಟ್ಟು, ಎದುರಿನವರಿಗೆ ಓದಬೇಕು. ಅವರು ಪದ ಹೇಳಿದರೆ ಚೀಟಿ ಪಾಸು, ಇಲ್ಲವಾದರೆ ಕಸದ ಬುಟ್ಟಿ. ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದವರು ಕರಡು ತಿದ್ದುವ ಹಿರಿಯರು. ಒಂದು ದೀರ್ಘ ಬಿಟ್ಟುಹೋದರೂ ಕೆಂಡಾಮಂಡಲವಾಗುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ದೀರ್ಘ ಮೇಷ್ಟ್ರು.

ಆ ವಾರ ಸಂಪಾದಕಿಯ ಪಾಲಿಗೆ ಬಂದದ್ದು ನಗೆಯ ಪದಗಳು: ಫನ್ನಿ, ವಿಟ್ಟಿ, ಕಾಮಿಕಲ್, ರಿಡಿಕ್ಯುಲಸ್. ಮೊದಲ ಮೂರಕ್ಕೆ ಅವಳು ತಿಣುಕಲೇ ಇಲ್ಲ, ಮೂರೂ ಅಣ್ಣನವೇ. ಅವನ ಕತೆಗೆ ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಫನ್ನಿ. ಅತ್ತಿಗೆಯ ಗದರಿಕೆಗೆ ಅವನು ಥಟ್ಟನೆ ಕೊಟ್ಟ ಚುರುಕು ಉತ್ತರ ವಿಟ್ಟಿ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಅದಕ್ಕಾಗಿಯೇ ಮನೆಯೆಲ್ಲ ಜಾಲಾಡಿದ್ದು ಕಾಮಿಕಲ್. ಮೇಷ್ಟ್ರು ತಡವರಿಸದೆ ಮೂರನ್ನೂ ಹೇಳಿದರು.

ನಾಲ್ಕನೆಯದಕ್ಕೆ ಅವಳ ಕೈ ತಡೆಯಿತು. ಕಂಡದ್ದನ್ನೇ ಬರೆಯಬೇಕಲ್ಲ. ಕೊನೆಗೆ ಬರೆದು, ತಲೆ ತಗ್ಗಿಸಿಕೊಂಡೇ ಓದಿದಳು.

"ತಂಗಿಗೆ ಬಡ್ತಿ ಸಿಕ್ಕ ದಿನ, ಪಾರ್ಶ್ವವಾಯುವಿನಿಂದ ನಾಲಿಗೆ ತೊದಲುವ ಅಣ್ಣ ನೆಂಟರ ಮುಂದೆ ಜೋಕು ಹೇಳಲು ಎದ್ದ. 'ಸಾಕು ಕೂತ್ಕೋ ಅಣ್ಣ, ನಗೆಪಾಟಲಾಗ್ಬೇಡ' ಎಂದು ತಂಗಿ ಅವನ ಅಂಗಿ ಹಿಡಿದು ಜಗ್ಗಿದಳು."

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಗೊತ್ತಾಗ್ತಿಲ್ಲಮ್ಮ. ಇದ್ರಲ್ಲಿ ನಗೋದೇನಿದೆ?"

"ರಿಡಿಕ್ಯುಲಸ್ ಅಂತ..."

"ಸರಿ. ಆದ್ರೆ ಆ ಪದ ಅಣ್ಣನಿಗಲ್ಲ, ತಂಗಿಗೆ," ಎಂದವರು ಅವಳ ಮುಖ ನೋಡಿದರು. ಮತ್ತೇನೂ ಕೇಳದೆ ಕರಡಿನ ಮೇಲೆ ಬಗ್ಗಿದರು.

ಬಡ್ತಿಯ ಆ ದಿನದಿಂದ ಅಣ್ಣ ಬಾಯಿ ಬಿಟ್ಟಿರಲಿಲ್ಲ. ಎಂಟು ತಿಂಗಳು! ಹೀಗೇ ಬಿಟ್ಟರೆ ಮಾತು ಮರಳಿ ಬರುವುದಿಲ್ಲವೆಂದು ವೈದ್ಯೆ ಎಚ್ಚರಿಸಿದ್ದರು. ಎಲ್ಲರೂ ಕಾಯಿಲೆಯನ್ನು ದೂರಿದರು. ತಂಗಿಯೂ ಹೂಂ ಅಂದುಕೊಂಡು ಇದ್ದುಬಿಟ್ಟಿದ್ದಳು. ಎಂಥ ಹೇಡಿತನ ಅದು.

ಸಂಜೆ ಮನೆಗೆ ಬಂದಾಗ ಅಣ್ಣ ಒಂದೇ ಕೈಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ. ಅವಳು ಎದುರಿಗೆ ಕೂತಳು. "ಅಣ್ಣ, ಚೀಟಿ ಓದ್ತೀನಿ. ಯಾವ ಪದ ಅಂತ ನೀನು ಹೇಳ್ಬೇಕು."

ಮೊದಲ ಎರಡಕ್ಕೆ ಅವನು ತಲೆಯೆತ್ತಲಿಲ್ಲ. ಕನ್ನಡಕದ ಚೀಟಿಗೆ ತುಟಿಯ ತುದಿ ಅಲುಗಿತು. ನಾಲ್ಕನೆಯದನ್ನು ಅವಳು ಪೂರ್ತಿ ಓದಿ ಕೆಳಗಿಟ್ಟಳು.

"ಅವತ್ತು ನನಗೆ ನಿನ್ನಿಂದ ನಾಚ್ಕೆ ಆಗಿತ್ತು ಅಣ್ಣ. ತಪ್ಪಾಯ್ತು. ಆ ಜೋಕ್ ಪೂರ್ತಿ ಹೇಳು."

ಅವನು ಒಂದು ಟವೆಲ್ ಮಡಚಿದ. ಇನ್ನೊಂದನ್ನೂ ಮಡಚಿದ. ಆಮೇಲೆ ಬಾಯಿ ತೆರೆದ. ಒಂದೊಂದು ಮಾತಿಗೂ ಮುಖವೆಲ್ಲ ಕಿವುಚಿಕೊಳ್ಳುತ್ತಿತ್ತು. ತಾನೇ ಪದ ಎತ್ತಿಕೊಡಬೇಕೆಂಬ ಆಸೆಯನ್ನು ಅವಳು ತುಟಿ ಕಚ್ಚಿ ತಡೆದಳು.

"ಇವಳಿಗೆ... ಎಂಟು ವರ್ಷ. ನನ್ನ ಪ್ರೇಮಪತ್ರ... ಕದ್ದು ಓದಿ... ಕೆಂಪು ಪೆನ್ನಲ್ಲಿ... ತಪ್ಪೆಲ್ಲ ತಿದ್ದಿಟ್ಲು. ನಾನು ನೋಡ್ದೇನೆ... ಹಾಗೇ ಕೊಟ್ಬಿಟ್ಟೆ. ಹುಡುಗಿ ಒಪ್ಪಿದ್ದು... ನನ್ನನ್ನಲ್ಲ... ಆ ಕೆಂಪು ಪೆನ್ನನ್ನ. ಇವತ್ತು ಇವಳು... ದೊಡ್ಡ ಸಂಪಾದಕಿ. ಮೊದಲು ತಿದ್ದಿದ್ದು... ನನ್ನ ಬಾಳು."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಿಗೇ ತಿಳಿದಿರಲಿಕ್ಕಿಲ್ಲ.

ಅಣ್ಣ ಬಾಯಿ ಒರೆಸಿಕೊಂಡು ತಂಗಿಯನ್ನು ನೋಡಿದ. "ಇದು... ಯಾವ ಪದ?"

ಅವಳು ಕಣ್ಣೊರೆಸಿಕೊಂಡಳು. "ಗೊತ್ತಾಗ್ತಿಲ್ಲ ಅಣ್ಣ. ಇನ್ನೊಂದ್ಸಲ ಹೇಳು."

ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ.