ಸುಮ್ಮನೆ ಎಣಿಸುವ ಸಾಲು

"ಥೂ! ಇದೇನು ಪ್ರೋಗ್ರಾಮೋ ತಿಪ್ಪಿಗುಂಡಿಯೋ?" ಎನ್ನುತ್ತ ಮಧುಸೂದನ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಬಾಯಿಗೆ ಬಿದ್ದ ಹುಳ ಉಗುಳಿದವನ ಮುಖ ಅವನದು.

ಬಳ್ಳಾರಿಯ ಖಾಸಗಿ ಪಾಲಿಟೆಕ್ನಿಕ್ಕೊಂದಕ್ಕೆ ಅವನು ಕಂಪ್ಯೂಟರ್ ಮೇಷ್ಟ್ರಾಗಿ ಬಂದು ಮೂರು ತಿಂಗಳಾಗಿತ್ತು. ೧೯೮೮ರ ಆ ಹೊತ್ತಿಗೆ ಅಲ್ಲಿದ್ದದ್ದು ಒಂದೇ ಕಂಪ್ಯೂಟರು, ಒಂದೇ ಪ್ರಿಂಟರು. ಆ ಪ್ರಿಂಟರಿಗೋ ಇಂಗ್ಲಿಷ್ ಬಿಟ್ಟರೆ ಬೇರೆ ಗೊತ್ತಿಲ್ಲ. ಅದರ ತಲೆಯಲ್ಲಿರುವ ಸೂಜಿಗಳನ್ನು ಬೇಕಾದ ಹಾಗೆ ಕುಟ್ಟಿಸಿ ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಮೊಂದು ಫ್ಲಾಪಿಯಲ್ಲಿ ಕೂತು ಊರಿಂದ ಊರಿಗೆ ಪುಕ್ಕಟೆಯಾಗಿ ಓಡಾಡುತ್ತಿತ್ತು. ಸಿಕ್ಕವರು ತಮಗೆ ಬೇಕಾದ್ದನ್ನು ತಿದ್ದಿ ಮುಂದಿನವರಿಗೆ ಕೊಡುವುದು ರೂಢಿ. ತಿದ್ದಿದವರೆಲ್ಲ ಮೇಲ್ಗಡೆ ತಮ್ಮ ಮನೆದೇವರ ಹೆಸರು ಸೇರಿಸಿದ್ದರು. ಹಂಪಿಯ ವಿರೂಪಾಕ್ಷನಿಂದ ಮಂತ್ರಾಲಯದ ರಾಯರವರೆಗೆ ಹನ್ನೊಂದು ದೇವರು! ಯಾವ ಸಾಲು ಏನು ಮಾಡುತ್ತದೆ ಎಂದು ತಿಳಿಸುವ ಒಂದು ಮಾತು ಮಾತ್ರ ಎಲ್ಲೂ ಇರಲಿಲ್ಲ.

"ಕೊನೀಗೆ ದೊಡ್ಡಬಸವೇಶ್ವರ ಅಂತ ಐತಲ್ಲ, ಅದ್ಯಾರು ಬರ್ದಿದ್ದು?"

"ನಾನ್ರೀ ಸಾರ್," ಎಂದಳು ಶಿವಬಸಮ್ಮ. ಕುರುಗೋಡಿನ ಹೆಂಗಸು, ಲ್ಯಾಬಿನ ಸಹಾಯಕಿ. ಬ್ರೂಸ್‌ಪೇಟೆಯ ಟೈಪಿಂಗ್ ಶಾಲೆಯಲ್ಲಿ ಹತ್ತು ವರ್ಷ ಕೀಲಿ ಕುಟ್ಟಿ ಬಂದವಳು. ಕಂಪ್ಯೂಟರನ್ನು ಯಾರೂ ಕಲಿಸದೆ ನೋಡಿ ನೋಡಿಯೇ ಕಲಿತಿದ್ದಳು. ಅದೂ ಮಧುಸೂದನನಿಗೆ ಅಸಹ್ಯವೇ.

ಮಂಗಳವಾರ ಸಿರುಗುಪ್ಪದಲ್ಲಿ ಕಾಲೇಜು ನಡೆಸುವ ಹೊಲಿಗೆ ತರಗತಿಯ ಪರೀಕ್ಷೆ. ದೇಶನೂರು ಮತ್ತು ಸುತ್ತಲಿನ ಹಳ್ಳಿಗಳಿಂದ ನೂರೆಂಬತ್ತು ಹುಡುಗಿಯರು ಕೂಡುವವರಿದ್ದರು. ಹಾಲ್ ಟಿಕೆಟ್ ಇಲ್ಲದವಳನ್ನು ಒಳಗೆ ಬಿಡುವಂತಿಲ್ಲ. ಪ್ರಿನ್ಸಿಪಾಲ್ ಕೊಟ್ರಬಸಪ್ಪನವರು, "ಈ ಸಲ ಟಿಕೇಟು ಕನ್ನಡದಾಗ ಛಂದಾಗಿ ಬಂದ್ರ ನಿಮ್ಮನ್ನ ಕಾಯಂ ಮಾಡಾಕ ಕಮಿಟಿಗೆ ನಾನಾ ಹೇಳ್ತೀನಿ," ಎಂದಿದ್ದರು.

ಶನಿವಾರ, ಭಾನುವಾರ ಎರಡೂ ದಿನ ಮಧುಸೂದನ ಕೂತು ಆ ಪ್ರೋಗ್ರಾಮನ್ನು ತೊಳೆದ. ಏಳುನೂರು ಸಾಲು ಇನ್ನೂರೈವತ್ತಕ್ಕೆ ಇಳಿಯಿತು. ದೇವರುಗಳೂ ಹೋದರು. ಒಂದು ಕಡೆಯಂತೂ, ಕಾಗದದ ಮೇಲೆ ಹತ್ತು ಸಾಲು ಮೂಡಿದ ಮೇಲೆ ಯಂತ್ರ ಒಂದರಿಂದ ಐದು ಸಾವಿರದವರೆಗೆ ಸುಮ್ಮನೆ ಎಣಿಸಿಕೊಂಡು, ಏನೂ ಮಾಡದೆ ವಾಪಸು ಬರುತ್ತಿತ್ತು. ಕತ್ತೆ ಕಾಯುವ ಕೆಲಸಕ್ಕೂ ಇದಕ್ಕಿಂತ ಅರ್ಥವಿದೆ ಎನ್ನಿಸಿ ಅವನಿಗೆ ಮೈ ಉರಿಯಿತು.

"ಅದೊಂದು ಇರ್ಲಿ ಸಾರ್. ಅದನ್ನ ನಾನು ಯಾಕ ಹಾಕೀನಿ ಅಂದ್ರ..."

"ಕಾರಣ ಅಲ್ಲಿ ಬರ್ದೀರೇನು?"

"ಇಲ್ರೀ. ಆದ್ರ..."

"ಬರ್ದಿಲ್ಲ ಅಂದ್ಮ್ಯಾಲೆ ಕಾರಣ ಇಲ್ಲ. ಬರೇ ಹೊಲಸು, ಅಷ್ಟೆ." ಅವಳ ಎದುರಿಗೇ ಅಳಿಸಿದ.

ಸೋಮವಾರ ಮಧ್ಯಾಹ್ನ ಪ್ರಿಂಟರು ಹಿಂದೆಂದೂ ಇಲ್ಲದ ವೇಗದಲ್ಲಿ ಓಡಿತು. ಕೊಟ್ರಬಸಪ್ಪನವರು ಬಾಗಿಲಲ್ಲಿ ನಿಂತು ನೋಡಿ ತಲೆದೂಗಿ ಹೋದರು. ಮಧುಸೂದನ ಹಿಗ್ಗಿ ಹೀರೇಕಾಯಿಯಾದ. ನಲವತ್ತೊಂದನೆಯ ಟಿಕೆಟ್ಟಿನಲ್ಲಿ ಅಕ್ಷರಗಳ ನೆತ್ತಿ ಮಾಯವಾಯಿತು. ನಲವತ್ತಮೂರನೆಯದರಲ್ಲಿ ಹೊನ್ನೂರಮ್ಮ ಎಂಬ ಹುಡುಗಿಯ ಹೆಸರು ಅರ್ಧ ಮೂಡಿ ಪ್ರಿಂಟರು ನಿಂತಿತು. ಸುಟ್ಟ ತಂತಿಯ ವಾಸನೆ ಕೋಣೆಯ ತುಂಬ ಹರಡಿತು. ಅವನು ಮುಚ್ಚಳ ತೆಗೆದು ಬೆರಳಿಟ್ಟವನು ಚುರ್ ಎಂದು ಕೈ ಎಳೆದುಕೊಂಡ.

"ಹೋದ ವರ್ಷ ನನಗೂ ಹಿಂಗಾ ಸುಟ್ಟಿತ್ರೀ," ಎಂದಳು ಶಿವಬಸಮ್ಮ. "ಕನ್ನಡ ಮೂಡಿಸಬೇಕಾದ್ರ ಅದು ಒಂದು ಸಾಲಿಗೆ ಮೂರು ಸಲ ಓಡಾಡ್ತೈತಿ. ತಲಿ ಕಾಯ್ತೈತಿ. ಆರ್ಲಿ ಅಂತ ಐದು ಸಾವಿರ ಎಣಿಸೋ ಅಷ್ಟು ಹೊತ್ತು ನಿಂದ್ರಿಸಿದ್ದೆ."

"ಮೊದ್ಲಾ ಬಾಯಿಬಿಟ್ಟು ಹೇಳಾಕ ಏನಾಗಿತ್ತು?"

"ಬಿಟ್ಟಿದ್ನಲ್ರೀ ಸಾರ್."

ಅವನಿಗೆ ಹೇಸಿಕೆಯಾಯಿತು. ಈ ಸಲ ತನ್ನ ಮೇಲೆಯೇ. ಪ್ರಿಂಟರಿಗೆ ಬೇರೆ ತಲೆ ಬೆಂಗಳೂರಿನಿಂದ ಬರಬೇಕು. ಟಿಕೆಟ್ಟುಗಳು ಹೋಗಬೇಕಾದ ಸಿರುಗುಪ್ಪದ ಬಸ್ಸು ಸಂಜೆ ಏಳಕ್ಕೆ.

ಶಿವಬಸಮ್ಮ ಬೀರುವಿನಿಂದ ಹಳೆಯ ಖಾಲಿ ಟಿಕೆಟ್ಟುಗಳ ಕಟ್ಟು ತಂದಳು. ಉಳಿದ ಹೆಸರುಗಳ ಪಟ್ಟಿಯನ್ನು ಎರಡು ಭಾಗ ಮಾಡಿ ಇಬ್ಬರೂ ಬರೆಯಲು ಕೂತರು. ಇಪ್ಪತ್ತು ಬರೆದು ಮಧುಸೂದನ ಕೈ ಕೊಡವಿಕೊಂಡ. ಅವಳು ಅವನ ಕಡೆಯದೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಸಾರ್, ಇದು ಜಂಬಮ್ಮನೋ, ಚನ್ನವೀರಮ್ಮನೋ?"

ಅವನು ಇಸಿದುಕೊಂಡು ನೋಡಿದ. ಹತ್ತಿರ ಹಿಡಿದ, ದೂರ ಹಿಡಿದ. ತಾನೇ ಅರ್ಧ ಗಂಟೆಯ ಹಿಂದೆ ಗೀಚಿದ್ದು ತನಗೇ ತಿಳಿಯಲಿಲ್ಲ.

"ಇದನ್ನ ಹಿಡ್ಕೊಂಡು ಹೋದ್ರ ಆ ಹುಡುಗೀನ ಒಳಗ ಬಿಡಾಂಗಿಲ್ರೀ," ಎಂದು ಶಿವಬಸಮ್ಮ ಅವನ ಇಪ್ಪತ್ತನ್ನೂ ಬದಿಗೆ ಸರಿಸಿದಳು. ಅವನ ಮುಂದಿದ್ದ ಪಟ್ಟಿಯನ್ನೂ ತನ್ನತ್ತ ಎಳೆದುಕೊಂಡಳು. "ನಾನು ಬರೀತೀನಿ. ನೀವು ಸೀಲ್ ಹೊಡೀರಿ ಸಾರ್."

ಮಧುಸೂದನ ಇಂಕಿನ ಪ್ಯಾಡು ಹತ್ತಿರಕ್ಕೆ ತೆಗೆದುಕೊಂಡ. ಅವಳು ಬರೆದು ಸರಿಸಿದ ಒಂದೊಂದು ಟಿಕೆಟ್ಟಿನಲ್ಲೂ ಹೆಸರನ್ನು ಪೂರ್ತಿ ಓದಿಕೊಂಡು, ಸೀಲು ತಲೆಕೆಳಗಾಗಿಲ್ಲವಷ್ಟೇ ಎಂದು ತಿರುಗಿಸಿ ನೋಡಿ, ಮೂಲೆಗೆ ಒತ್ತತೊಡಗಿದ.