ಒದ್ದೆ ಕೈಯ ಟೇಪು

ಹಾಡು ಬೇಕಾದವರು ನಮ್ಮ ಅಂಗಡಿಗೆ ಬರುವುದಿಲ್ಲ. ಹಾಡು ಈಗ ಎಲ್ಲರ ಜೇಬಿನಲ್ಲೂ ಇದೆ. ನಮ್ಮಲ್ಲಿ ಸಿಗುವುದು ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ರೇಡಿಯೋದವರು ಆಡಿದ ಮಾತು.

ಅದು ಸಿಗುವುದು ಬಹಳ ಕಷ್ಟ. ಆ ಕಾಲದಲ್ಲಿ ರೇಡಿಯೋದ ಹಾಡನ್ನು ಟೇಪಿಗೆ ತುಂಬಿಸಿಕೊಳ್ಳುತ್ತಿದ್ದವರೆಲ್ಲ ಒಂದೇ ತಪ್ಪು ಮಾಡಿದ್ದಾರೆ. ಹಾಡು ಮುಗಿದು ಮಾತು ಶುರುವಾಯಿತೋ ಇಲ್ಲವೋ, ಟಕ್ಕೆಂದು ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದರು. ಬರೀ ಮಾತಿಗೆ ಟೇಪು ಯಾರು ದಂಡ ಮಾಡುತ್ತಾರೆ? ಹಾಗಾಗಿ ಚುರುಕು ಕೈಯವರ ಟೇಪಿನಲ್ಲಿ ಹಾಡೇ ಹಾಡು. ಮಾತು ಉಳಿದಿರುವುದು ಸೋಮಾರಿಗಳ ಟೇಪಿನಲ್ಲಿ, ಮರೆಗುಳಿಗಳ ಟೇಪಿನಲ್ಲಿ, ರೇಡಿಯೋ ಹಚ್ಚಿಟ್ಟು ನಿದ್ದೆ ಹೋದವರ ಟೇಪಿನಲ್ಲಿ. ಮತ್ತೆ ನಮ್ಮ ದೊಡ್ಡಮ್ಮನ ಟೇಪಿನಲ್ಲಿ.

ದೊಡ್ಡಮ್ಮ ಸೋಮಾರಿಯಲ್ಲ. ಅವಳ ಕೈ ಒದ್ದೆ ಇರುತ್ತಿತ್ತು, ಅಷ್ಟೆ. ದೊಡ್ಡಪ್ಪ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಟೇಪ್ ರೆಕಾರ್ಡರನ್ನು ಅಡಿಗೆಮನೆಯ ರೇಡಿಯೋದ ಎದುರು ಕೂರಿಸಿ, "ಹಾಡು ಬಂದಾಗ ಒತ್ತು, ಮಾತು ಬಂದಾಗ ನಿಲ್ಲಿಸು, ಒದ್ದೆ ಕೈಯಲ್ಲಿ ಮಾತ್ರ ಮುಟ್ಟಬೇಡ, ಶಾಕ್ ಹೊಡೆಯುತ್ತೆ" ಎಂದು ಪಾಠ ಹೇಳಿ ಹೋಗುತ್ತಿದ್ದರಂತೆ. ದೊಡ್ಡಮ್ಮ ಮೂರನೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಒಮ್ಮೆ ಒತ್ತಿ ಪಾತ್ರೆಗೆ ಕೈ ಹಾಕಿದಳೆಂದರೆ ಟೇಪು ಮುಗಿಯುವವರೆಗೂ ಅದರ ಪಾಡಿಗೆ ಅದು ಓಡುತ್ತಿತ್ತು. ಸಂಜೆ ದೊಡ್ಡಪ್ಪ ಕೇಳಿ ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಈಗ ಅದೇ ಟೇಪುಗಳು ಬೀರುವಿನ ಮೇಲಿನ ಅಂತಸ್ತಿನಲ್ಲಿ, ಬೀಗದೊಳಗೆ ಇವೆ.

"ಬೈಸಿಕೊಂಡಿದ್ದು ನಾನು, ಹೆಸರು ತಗೊಂಡಿದ್ದು ನಿಮ್ಮ ದೊಡ್ಡಪ್ಪ" ಎಂದು ದೊಡ್ಡಮ್ಮ ಈಗಲೂ ಹೇಳುತ್ತಾಳೆ.

ಅಂಗಡಿ ಈಗ ಮನೆಗೆ ಅಂಟಿಕೊಂಡೇ ಇದೆ. ಮುಂದುಗಡೆ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಯ ರಿಪೇರಿ. ಅದು ಹೊಟ್ಟೆಪಾಡು. ಹಿಂದಿನ ಕೋಣೆ ದೊಡ್ಡಪ್ಪನ ಹುಚ್ಚು. ಅಲ್ಲಿ ಗೋಡೆ ತುಂಬ ಕ್ಯಾಸೆಟ್ಟು, ಎರಡು ಪ್ಲೇಯರು, ಹಾಡಿನ ತಟ್ಟೆ ಹಾಕುವ ಒಂದು ಗ್ರಾಮಫೋನ್ ಯಂತ್ರ, ಒಂದು ಹಳೆಯ ಕಂಪ್ಯೂಟರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇದ್ದೇನೆ. ಬೂಷ್ಟು ಹಿಡಿದ ಟೇಪನ್ನು ಒರೆಸುತ್ತೇನೆ, ಕ್ಯಾಸೆಟ್ಟಿನೊಳಗೆ ಬಿದ್ದುಹೋದ ಉಗುರಿನಷ್ಟು ಸ್ಪಂಜನ್ನು ಚಿಮಟಿಗೆಯಲ್ಲಿ ಹಿಡಿದು ಮತ್ತೆ ಅಂಟಿಸುತ್ತೇನೆ, ಆಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸುತ್ತೇನೆ. ದಿನವಿಡೀ ಬೇರೆಯವರ ಮಾತು ಕೇಳುವ ಕೆಲಸ, ನಾನು ಆಡಬೇಕಾಗಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾರೂ ಹುಡುಕಿಕೊಡಲಾರರು.

ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಗೆಳೆಯರು ಬರುತ್ತಾರೆ. ಒಬ್ಬರು ಹಲ್ಲಿನ ಡಾಕ್ಟ್ರು, ಇನ್ನೊಬ್ಬರು ರಿಟೈರಾದ ಬಸ್ ಕಂಡಕ್ಟರು. ಕಂಡಕ್ಟರು ಕೂತಲ್ಲೇ ಈಗಲೂ ಮುಂದೆ ಸರೀರಿ, ಮುಂದೆ ಸರೀರಿ ಎನ್ನುತ್ತಾರೆ. ಮೂವರೂ ಟೀ ಕುಡಿಯುತ್ತ ತಾವು ತಂದದ್ದನ್ನು ಹಾಕಿ ಕೇಳುತ್ತಾರೆ. ಕೊನೆಗೆ, ಊಟ ಮುಗಿದ ಮೇಲೆ ಬಾಳೆಹಣ್ಣು ಇದ್ದ ಹಾಗೆ, ನಗುವಿನ ಟೇಪು ಬೇಕೇ ಬೇಕು.

ಅದರ ಕತೆ ಇಷ್ಟು. ಆಗ ಮಧ್ಯಾಹ್ನದ ಹೊತ್ತು ಹಾಡು ಹಾಕುತ್ತಿದ್ದ ಒಬ್ಬರು ಹೆಂಗಸಿದ್ದರು. ಕೇಳುವವರೆಲ್ಲ ಅವರನ್ನು ಮಧ್ಯಾಹ್ನದ ಅಕ್ಕ ಅನ್ನುತ್ತಿದ್ದರು. ಒಂದು ದಿನ ಅವರು ಯಾವುದೋ ಮದುಮಗಳಿಗೆ ಅವಳ ಅಣ್ಣಂದಿರು ಕೇಳಿದ ಹಾಡು ಅಂತ ಚೆಂದವಾಗಿ ಹೇಳಿ, ಹಾಡಿನ ತಟ್ಟೆ ಇಟ್ಟು ಮುಳ್ಳು ಇಳಿಸುತ್ತಾರೆ. ಅದು ಜೋರಾಗಿ ತಿರುಗಬೇಕಾದ ಚಿಕ್ಕ ತಟ್ಟೆ. ಯಂತ್ರ ಮಾತ್ರ ದೊಡ್ಡ ತಟ್ಟೆಯ ನಿಧಾನದಲ್ಲೇ ಇದೆ. ಜೇನಿನಂಥ ಹೆಣ್ಣುದನಿ ಬರಬೇಕಾದ ಕಡೆ ಹಲ್ಲುನೋವು ಬಂದ ಎಮ್ಮೆಯಂಥ ಒಂದು ದನಿ ಹೊರಡುತ್ತದೆ. (ಇಲ್ಲಿ ಪ್ರತಿ ಸಲವೂ ಕಂಡಕ್ಟರು, "ಡಾಕ್ಟ್ರೇ, ನಿಮ್ಮ ಪೇಷಂಟು" ಅನ್ನುತ್ತಾರೆ.) ಅಕ್ಕ "ಕ್ಷಮಿ—" ಅನ್ನುತ್ತಾರೆ. ಆಮೇಲೆ ನಗು. ತಡೆದು, ತಡೆಯಲಾಗದೆ, ಮೂಗಿನಲ್ಲಿ ಬಂದು, ಕೊನೆಗೆ ಕಟ್ಟೆ ಒಡೆದ ನಗು. ಮೈಕು ತೆರೆದೇ ಇದೆ. ಆಮೇಲೆ ನಿಶ್ಶಬ್ದ. ಆಮೇಲೆ ಬೇರೆ ಹಾಡು.

ದೊಡ್ಡಮ್ಮನ ಟೇಪು ಬಿಟ್ಟರೆ ಆ ಮಾತು, ಆ ನಗು ಬೇರೆ ಎಲ್ಲೂ ಇಲ್ಲ. ಎಲ್ಲರೂ ಮಾತು ಬಂತು ಅಂತ ಗುಂಡಿ ಒತ್ತಿದ್ದರು.

ಹೋದ ತಿಂಗಳು ಒಂದು ಬುಧವಾರ ದೊಡ್ಡಪ್ಪ ಸಾಮಾನು ತರಲು ಪೇಟೆಗೆ ಹೋಗಿದ್ದರು. ಬೆಳ್ಳಗಿನ ಕೂದಲಿನ, ಅಚ್ಚುಕಟ್ಟಾದ ಹೆಂಗಸೊಬ್ಬರು ಮಿಕ್ಸಿ ತಂದು ಕಟ್ಟೆಯ ಮೇಲಿಟ್ಟರು.

"ಮೋಟಾರು ತಿರುಗುತ್ತೆ, ಬ್ಲೇಡು ತಿರುಗಲ್ಲ. ನನ್ನ ಮಾತಿಗೂ ಮನೆಯವರಿಗೂ ಇರೋ ಸಂಬಂಧದ ಹಾಗೆ" ಎಂದರು.

ನಾನು ಮಿಕ್ಸಿಯನ್ನು ನೋಡಲಿಲ್ಲ. ಮಾತು ಶುರು ಮಾಡುವ ಮೊದಲು ಅವರು ಒಂದು ಚಿಕ್ಕ ಉಸಿರನ್ನು ಒಳಗೆ ಎಳೆದುಕೊಂಡಿದ್ದರು, ಬಾಗಿಲು ತೆರೆಯುವ ಮುಂಚೆ ಸೆರಗು ಸರಿಮಾಡಿಕೊಂಡ ಹಾಗೆ. ಆ ಉಸಿರು ನನಗೆ ಗೊತ್ತು. ಹೆಡ್‌ಫೋನಿನಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೇನೋ.

ಜಾರಿನ ಅಡಿಯಲ್ಲಿ ಮೋಟಾರಿಗೂ ಬ್ಲೇಡಿಗೂ ಕೊಂಡಿ ಹಾಕುವ ಕಪ್ಲರ್ ಸವೆದಿತ್ತು. ಅದನ್ನು ತೋರಿಸಿ ಸುಮ್ಮನಿರಬೇಕಿತ್ತು. ಬಾಯಿ ತಾನಾಗಿಯೇ ಹೇಳಿಬಿಟ್ಟಿತು, "ನೀವು ಮಧ್ಯಾಹ್ನದ ಅಕ್ಕ."

ಅವರು ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. "ನೀನು ಆಗ ಹುಟ್ಟೇ ಇರಲಿಲ್ಲವಲ್ಲಮ್ಮ."

ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಒಂದು ಒಳ್ಳೆಯ ದಿನದ ಟೇಪು ಹಾಕಿದೆ. ಅದರಲ್ಲಿ ಅವರು ಎರಡು ಹಾಡಿನ ನಡುವೆ, ಕಿಟಕಿಯ ಹೊರಗೆ ಕೂತ ಒಂದು ಕಾಗೆ ತಾಳ ಹಾಕುತ್ತಿದೆ ಅಂತ ಹೇಳುತ್ತಾರೆ. ಅವರು ಕಣ್ಣು ಮುಚ್ಚಿ ಕೇಳಿದರು. ಕಾಗೆಯ ಮಾತು ಬಂದಾಗ ಬೆರಳು ಮೊಣಕಾಲಿನ ಮೇಲೆ ತಾಳ ಹಾಕಿತು.

"ಎಷ್ಟು ಚೂಟಿಯಾಗಿದ್ದೆ ನೋಡು" ಎಂದರು, ಬೇರೆ ಯಾರದೋ ಮಗಳನ್ನು ಹೊಗಳಿದ ಹಾಗೆ. ಆಮೇಲೆ ಗೋಡೆಯ ಕ್ಯಾಸೆಟ್ಟುಗಳ ಮೇಲೆ ಕಣ್ಣಾಡಿಸಿ ದನಿ ತಗ್ಗಿಸಿದರು. "ಒಂದು ದಿನದ್ದು ಮಾತ್ರ ಎಲ್ಲೂ ಉಳಿದಿಲ್ಲ ಅನ್ನೋದೇ ನನಗೆ ಸಮಾಧಾನ. ಒಂದು ಮದುವೆ ಹುಡುಗಿಯ ಹಾಡು ಕೆಡಿಸಿ, ಮೇಲಿಂದ ನಕ್ಕುಬಿಟ್ಟೆ. ಮುಳ್ಳು ಎತ್ತಿದೆ, ಆಮೇಲೆ ಕೈಯೇ ಓಡಲಿಲ್ಲ. ಊರಿಗೆ ಊರೇ ರೇಡಿಯೋ ಮುಂದೆ ಸುಮ್ಮನೆ ಕೂತಿತ್ತು. ಎಷ್ಟು ಹೊತ್ತು ಅಂತೀಯ. ಯುಗ ಕಳೆದ ಹಾಗಿತ್ತು. ಮಾರನೇ ದಿನದಿಂದ ನನ್ನನ್ನು ತಟ್ಟೆ ಜೋಡಿಸೋ ಕೋಣೆಗೆ ಹಾಕಿದರು. ಮತ್ತೆ ಮೈಕಿನ ಹತ್ತಿರ ಹೋಗಲಿಲ್ಲ."

"ಮತ್ತೆ ಕರೀಲಿಲ್ವಾ?"

"ಕರೆದರು. ನಾನೇ ಒಲ್ಲೆ ಅಂದೆ. ಅಷ್ಟು ಜನರನ್ನು ಕಾಯಿಸಿ ನಕ್ಕವಳು ಮತ್ತೆ ಯಾವ ಮುಖ ಇಟ್ಟುಕೊಂಡು ನಮಸ್ಕಾರ ಅನ್ನಲಿ?"

ಟೇಪು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಅಷ್ಟರಲ್ಲಿ ದೊಡ್ಡಪ್ಪ ಬಂದರು. ಆಕೆ ಯಾರೆಂದು ಗೊತ್ತಾದ ಮೇಲೆ ದೊಡ್ಡಪ್ಪ, ಕೈಯ ಸಾಮಾನಿನ ಚೀಲ ಎಲ್ಲಿಡಬೇಕೆಂದು ತಿಳಿಯದೆ, ನನ್ನ ಕೈಗೇ ತುರುಕಿದರು. "ಭಾನುವಾರ ಬರಲೇಬೇಕು. ಒಂದು ಲೋಟ ಟೀ ಅಷ್ಟೆ" ಎಂದು ಒತ್ತಾಯ ಮಾಡಿದರು. ಆಕೆ ಒಪ್ಪಿ ಹೋದರು.

"ನಗುವಿನ ಟೇಪು ಹಾಕಿ ಅಕ್ಕನ್ನ ದಂಗುಬಡಿಸೋಣ" ಎಂದರು ದೊಡ್ಡಪ್ಪ ಕೈ ಉಜ್ಜುತ್ತ. "ಜನ್ಮದಲ್ಲಿ ಮರೀಬಾರದು."

"ದೊಡ್ಡಪ್ಪ, ಅದು..." ಎಂದೆ.

"ಹೇಳಮ್ಮ."

ಅವರ ಮುಖ ಹಬ್ಬದಂತಿತ್ತು. "ಏನಿಲ್ಲ" ಎಂದೆ. ನನ್ನ ಮಾತಿಗೆ ಯಾವಾಗಲೂ ಹೀಗೇ, ಯಾರೋ ಗುಂಡಿ ಒತ್ತಿಬಿಡುತ್ತಾರೆ.

ದೊಡ್ಡಮ್ಮನ ಹತ್ತಿರ ಹೇಳಿದೆ. ಅವಳು ಹಿಟ್ಟು ಕಲಸುತ್ತಿದ್ದಳು.

"ದೊಡ್ಡಪ್ಪನಿಗೆ ನೀನೇ ಹೇಳು ದೊಡ್ಡಮ್ಮ, ಹಾಕಬೇಡಿ ಅಂತ."

"ಹೇಳಿದರೆ ಹಾಕಲ್ಲ. ಆದರೆ ಆಯಮ್ಮ ಹಂಗೇ ಯುಗ ಅಂತ ಲೆಕ್ಕ ಹಾಕ್ಕೊಂಡೇ ಇರ್ತಾಳೆ. ಅದೇನು ಯುಗ ಕಣೆ, ನಾನು ಒಂದು ಲೋಟ ತೊಳೆಯೋ ಹೊತ್ತೂ ಇರಲಿಲ್ಲ. ನಗು ತಡೆಯೋಕಾಗದೆ ನಾನೂ ನಮ್ಮತ್ತೇನೂ ಗೋಡೆ ಹಿಡ್ಕೊಂಡಿದ್ವಿ."

ಆಗ ನೆನಪಾಯಿತು. ದೊಡ್ಡಪ್ಪ ಭಾನುವಾರ ಹಾಕುವುದು ದೊಡ್ಡಮ್ಮನ ಟೇಪಲ್ಲ, ಅದರ ತೊಳೆದ ನಕಲು. ಟೇಪ್ ರೆಕಾರ್ಡರು ರೇಡಿಯೋದ ಎದುರಿಗಿದ್ದದ್ದರಿಂದ ಅಡಿಗೆಮನೆಯ ಸದ್ದೂ ಅದರೊಳಗೆ ಹೋಗಿತ್ತು. ಆ ಗಲಾಟೆ ತೆಗೆದು ಶುದ್ಧ ಮಾಡು ಅಂತ ದೊಡ್ಡಪ್ಪ ಹೇಳಿದ್ದರು. ನಾನೇ ಕಂಪ್ಯೂಟರಿನಲ್ಲಿ ಆ ಜಾಗದ ಸದ್ದನ್ನು ಅಳಿಸಿದ್ದೆ. ನಗುವಿನ ಆಚೆಯ ನಿಶ್ಶಬ್ದವನ್ನು ಮಾಡಿದ್ದು ನಾನು.

"ಟೇಪು ಯಾರದ್ದು?" ಎಂದಳು ದೊಡ್ಡಮ್ಮ.

"ನಿನ್ನದು."

"ಬೀರುವಿನ ಕೀಲಿ ಕೊಡ್ತೀನಿ, ತಗೊಂಡು ಹೋಗು. ಆಯಮ್ಮನ ಮನೇಲಿ ಆಯಮ್ಮನಿಗೇ ಕೇಳಿಸು. ಬೇಡ ಅಂದರೆ ಟೇಪು ಆಯಮ್ಮನಿಗೇ ಕೊಟ್ಟು ಬಾ. ಭಾನುವಾರದ್ದು ಆಮೇಲೆ ನೋಡೋಣ. ಬಾಯಿ ಇರೋದು ಬರೀ ಊಟಕ್ಕಲ್ಲ."

ಶುಕ್ರವಾರ ಮಧ್ಯಾಹ್ನ, ಹೊಸ ಕಪ್ಲರ್ ಹಾಕಿದ ಮಿಕ್ಸಿಯನ್ನು ಒಂದು ಚೀಲದಲ್ಲಿ, ದೊಡ್ಡಮ್ಮನ ಟೇಪನ್ನೂ ಚಿಕ್ಕ ಪ್ಲೇಯರನ್ನೂ ಇನ್ನೊಂದರಲ್ಲಿ ಹೊತ್ತು ಅವರ ಮನೆ ಹುಡುಕಿಕೊಂಡು ಹೋದೆ. ಮೂರನೇ ಮಹಡಿ, ಕಾರಿಡಾರಿನ ತುದಿ. ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಅವರ ಹಾಗೇ ಒಂದು ಉಸಿರು ಎಳೆದುಕೊಂಡು ಬೆಲ್ಲು ಒತ್ತಿದೆ.

ಮಿಕ್ಸಿ ಓಡಿಸಿ ತೋರಿಸಿದೆ. ಅವರು ನೀರು ಕೊಟ್ಟರು. ನೀರು ಕುಡಿದೆ. ನಾನು ಇನ್ನೂ ಕೂತೇ ಇದ್ದದ್ದನ್ನು ನೋಡಿ ಅವರು ಕಾದರು. ಕಾಯುವುದು ಅವರಿಗೆ ಗೊತ್ತಿತ್ತು.

"ಆ ದಿನದ್ದು ಉಳಿದಿದೆ" ಎಂದೆ.

ಅವರ ಕೈ ಮೇಜಿನ ಬಟ್ಟೆಯ ಅಂಚನ್ನು ಹಿಡಿಯಿತು. "ಯಾರ ಹತ್ತಿರ?"

"ನಮ್ಮ ಹತ್ತಿರ ಮಾತ್ರ. ದೊಡ್ಡಪ್ಪ ಭಾನುವಾರ ಹಾಕಬೇಕು ಅಂತಿದ್ದಾರೆ. ಅವರಿಗೆ ಅದು ತುಂಬ ಇಷ್ಟ. ನಿಮಗೆ ನೋವಾಗುತ್ತೆ ಅಂತ ಅವರಿಗೆ ಗೊತ್ತಿಲ್ಲ."

"ನೀನು ಕೇಳಿದ್ದೀಯಾ?"

"ಬಹಳ ಸಲ. ನೀವು ಒಂದು ಸಲ ಕೇಳಿ. ಬೇಡ ಅನಿಸಿದರೆ ಟೇಪು ನಿಮ್ಮದೇ. ನಮ್ಮ ದೊಡ್ಡಮ್ಮ ಹಾಗೇ ಹೇಳಿದಾಳೆ."

ಇಷ್ಟುದ್ದ ಮಾತನ್ನು ನಾನು ಹೊರಗಿನವರ ಹತ್ತಿರ ಆಡಿದ್ದು ನೆನಪಿಲ್ಲ. ಅವರು ಬೇಡ ಅನ್ನಲಿಲ್ಲ, ಹಾಕು ಅನ್ನಲೂ ಇಲ್ಲ. ಕಿಟಕಿಯ ಕಡೆ ತಿರುಗಿ ಕೂತರು. ನಾನು ಒತ್ತಿದೆ.

ಪಾತ್ರೆಯ ಸದ್ದು. ಅವರ ಎಳೆಯ ದನಿ, ಮದುಮಗಳು, ಅವಳ ಅಣ್ಣಂದಿರು. ಎಮ್ಮೆ. ಅರ್ಧ ಕ್ಷಮೆ. ನಗು. ಮುಳ್ಳು ಕೆರೆದು ಮೇಲೆದ್ದ ಸದ್ದು. ಇನ್ನು ಬಂತು ಅವರ ಯುಗ.

ಆದರೆ ಈ ಟೇಪಿನಲ್ಲಿ ನಿಶ್ಶಬ್ದ ಇರಲಿಲ್ಲ. ಯಾರೋ ಕಿಸಕ್ಕೆಂದರು. ಒಂದು ಲೋಟ ಬಿದ್ದು ಉರುಳಿತು. "ಅಯ್ಯೋ, ಪಾಪ ಅದಕ್ಕೆ ಏನಾಯ್ತೇ" ಎಂದು ಒಂದು ಮುದಿ ದನಿ ಹೇಳಿತು. ಆಮೇಲೆ ಎರಡು ದನಿಯೂ ಸೇರಿ, ಉಸಿರು ಸಿಗದೆ, ನಕ್ಕವು. ಆ ನಗು ಇನ್ನೂ ಮುಗಿದಿರಲಿಲ್ಲ, ಮುಂದಿನ ಹಾಡು ಶುರುವಾಗಿಯೇ ಹೋಯಿತು.

ಅವರು ತಿರುಗಿದರು. "ಇಷ್ಟೇನಾ?"

"ಇಷ್ಟೇ."

"ಕತ್ತರಿಸಿದ್ದೀರಾ?"

"ಇಲ್ಲ. ಟೇಪನ್ನು ಮುಟ್ಟೇ ಇಲ್ಲ. ದೊಡ್ಡಪ್ಪ ಹಾಕೋದು ಅಡಿಗೆಮನೆ ಸದ್ದು ತೆಗೆದ ನಕಲು."

"ನಗ್ತಾ ಇರೋದು ಯಾರು?"

"ನಮ್ಮ ದೊಡ್ಡಮ್ಮ, ಅವಳ ಅತ್ತೆ. ಆ ಅಜ್ಜಿ ನಗೋದನ್ನು ಮನೇಲಿ ಯಾರೂ ನೋಡೇ ಇರಲಿಲ್ಲವಂತೆ. ಇದೊಂದೇ ಅವರ ನಗು."

"ಹಿಂದಕ್ಕೆ ತಿರುಗಿಸು" ಎಂದರು. ತಿರುಗಿಸಿದೆ. ಎರಡನೇ ಸಲ ಲೋಟ ಉರುಳಿದಾಗ ಅವರ ಮೂಗಿನಲ್ಲಿ ಏನೋ ಸದ್ದಾಯಿತು. ಮೂರನೇ ಸಲ ಅವರು ತಡೆಯಲಿಲ್ಲ. ಅದೇ ನಗು, ಸ್ವಲ್ಪ ಒರಟಾಗಿತ್ತು, ಅಷ್ಟೆ. ನಗುತ್ತಲೇ ಮೇಜಿನ ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

"ಊರೆಲ್ಲ ಮುಖ ಗಂಟು ಹಾಕ್ಕೊಂಡು ಕೂತಿದೆ ಅಂದುಕೊಂಡಿದ್ದೆ ಕಣಮ್ಮ" ಎಂದರು, ಟೇಪನ್ನು ನನ್ನ ಕೈಗೇ ವಾಪಸ್ ಇಡುತ್ತ.

ಭಾನುವಾರ ಅವರು ಎಲ್ಲರಿಗಿಂತ ಮೊದಲೇ ಬಂದರು. ಹಲ್ಲಿನ ಡಾಕ್ಟ್ರು ಹೊಸ ಅಂಗಿ ಹಾಕಿದ್ದರು. ಕಂಡಕ್ಟರು ತಾವೇ ಎದ್ದು ಕುರ್ಚಿ ಬಿಟ್ಟುಕೊಟ್ಟರು, ಯಾರನ್ನೂ ಮುಂದೆ ಸರಿಸಲಿಲ್ಲ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಕಂಪ್ಯೂಟರಿನತ್ತ ಕೈ ಚಾಚಿದರು.

"ಅದಲ್ಲ" ಎಂದರು ಅಕ್ಕ. "ಅಡಿಗೆಮನೆ ಇರೋದು ಹಾಕಿ."

"ಅದರಲ್ಲಿ ಬರೀ ಗಲಾಟೆ ಇದೆ ಅಕ್ಕ. ಇದು ಶುದ್ಧವಾಗಿದೆ." ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ತಲೆ ಎತ್ತಿದೆ.

"ಶುದ್ಧ ಮಾಡಿದ್ದು ತಪ್ಪಾಯ್ತು ದೊಡ್ಡಪ್ಪ. ಅರ್ಧ ನಗು ಅಲ್ಲೇ ಹೋಯ್ತು" ಎಂದೆ. ಶುಕ್ರವಾರದ್ದನ್ನೂ ಹೇಳಿದೆ, ಒಂದೇ ಉಸಿರಿನಲ್ಲಿ.

ದೊಡ್ಡಪ್ಪ ಎದ್ದರು. ಬೀರುವಿನ ಬೀಗ ತೆಗೆದು, ದೊಡ್ಡಮ್ಮನ ಟೇಪನ್ನು ಎರಡೂ ಕೈಯಲ್ಲಿ ತಂದು ಪ್ಲೇಯರಿಗೆ ಹಾಕಿದರು. ಆಮೇಲೆ ಒಳಗಡೆ ಬಗ್ಗಿ, "ಏನೇ, ಬಾ ಇಲ್ಲಿ. ನಿನ್ನ ಟೇಪು ಹಾಕ್ತಿದೀವಿ" ಎಂದು ಕೂಗಿದರು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಇವರೇನಾ ಲೋಟ ಬೀಳಿಸಿದವರು?" ಎಂದರು ಅಕ್ಕ.

"ಬೀಳಿಸಿದ್ದು ನೀವು. ನನ್ನ ಕೈಯಲ್ಲಿತ್ತು ಅಷ್ಟೆ" ಎಂದಳು ದೊಡ್ಡಮ್ಮ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು.

ಎಮ್ಮೆ ಬಂದಾಗ ಕಂಡಕ್ಟರು ಡಾಕ್ಟ್ರ ಹೆಸರೆತ್ತಲು ಮರೆತರು. ಆಮೇಲೆ ಕೋಣೆಯಲ್ಲಿ ಯಾರ ನಗು ಟೇಪಿನದು, ಯಾರದು ಬೆಂಚಿನದು ಅಂತ ಗೊತ್ತಾಗಲಿಲ್ಲ.

ಟೇಪು ಮುಗಿದ ಮೇಲೆ ದೊಡ್ಡಪ್ಪ ಸಂಕೋಚದಿಂದ, ತಮ್ಮ ಹತ್ತಿರ ಆ ಮದುಮಗಳ ಹಾಡಿನ ಚಿಕ್ಕ ತಟ್ಟೆ ಇದೆ, ಅದನ್ನು ಯಂತ್ರಕ್ಕೆ ಹಾಕುವ ಮುಂಚೆ ಅಕ್ಕ ಎರಡು ಮಾತು ಹೇಳಬಹುದಾ ಎಂದು ಕೇಳಿದರು. ಅಕ್ಕ ಎದ್ದರು. ಯಂತ್ರದ ಪಕ್ಕದ ವೇಗದ ಗುಂಡಿಯನ್ನು ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, ತೃಪ್ತಿಯಾದ ಮೇಲೆ ನೆಟ್ಟಗೆ ನಿಂತರು. ನಾನು ಅಷ್ಟರಲ್ಲಿ ಟೇಪ್ ರೆಕಾರ್ಡರಿಗೆ ಒಂದು ಖಾಲಿ ಕ್ಯಾಸೆಟ್ಟು ಹಾಕಿ ಒತ್ತಿದ್ದೆ.

ಅವರು ಆ ಚಿಕ್ಕ ಉಸಿರು ಎಳೆದುಕೊಂಡರು.

"ನಮಸ್ಕಾರ. ಈ ಹಾಡು ಸ್ವಲ್ಪ ತಡವಾಯಿತು" ಎಂದರು.

ಹಾಡು ಬಂತು, ಜೇನಿನಂತೆ, ಸರಿಯಾದ ವೇಗದಲ್ಲಿ. ಮುಗಿಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಟೀ ಲೋಟ ತಾಗಿತು, ದೊಡ್ಡಮ್ಮ ಯಾರಿಗೋ ಸಕ್ಕರೆ ಜಾಸ್ತಿಯಾಯಿತಾ ಎಂದು ಕೇಳಿದಳು, ದೊಡ್ಡಪ್ಪ ಮೂಗು ಸೀಟಿದರು.

"ಹಾಡು ಮುಗೀತಲ್ಲಮ್ಮ, ಟೇಪು ಸುಮ್ಮನೆ ಓಡ್ತಿದೆ" ಎಂದರು ಡಾಕ್ಟ್ರು.

ನನ್ನ ಕೈ ಒಣಗೇ ಇತ್ತು. ಆದರೂ ಗುಂಡಿಯ ಹತ್ತಿರದಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.