ಕನ್ನಡಿ ಹಾಡು ತೆಗೆಸಿದ್ದು

ಶಿವರಾತ್ರಿ ಕಳೆದು ಎಂಟು ದಿನವಾಗಿತ್ತು. ಕಾಗವಾಡದ ಕಡೆಯ ದ್ರಾಕ್ಷಿ ಪಡಗಳಲ್ಲಿ ಕಾಯಿ ಸಕ್ಕರೆ ಹಿಡಿದು ಹಳದಿಗೆ ತಿರುಗಿದ್ದವು. ನಸುಕಿನಲ್ಲೇ ಹೆಂಗಸರು ಕತ್ತರಿ ಹಿಡಿದು ಸಾಲಿಗೆ ಇಳಿಯುವುದು, ಗೊನೆ ಕತ್ತರಿಸಿ ಟ್ರೇ ತುಂಬುವುದು, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವುವುದು. ಒಣದ್ರಾಕ್ಷಿ ಮಾಡುವ ಊರುಗಳಲ್ಲಿ ಈ ತಿಂಗಳು ಬೇರೆ ಮಾತೇ ಇರುವುದಿಲ್ಲ. ಆ ದಿನ ಎಲ್ಲ ಪಡಗಳಲ್ಲೂ ಕೆಲಸ ನಡೆದಿತ್ತು, ಬಾಬಾಸಾಹೇಬರ ನಾಲ್ಕು ಎಕರೆ ಒಂದನ್ನು ಬಿಟ್ಟು. ಅಲ್ಲಿ ಹನ್ನೊಂದು ಹೆಂಗಸರು ಕತ್ತರಿಗಳನ್ನು ಮುಂದಿಟ್ಟುಕೊಂಡು ಬದುವಿನ ಮೇಲೆ ಕುಳಿತಿದ್ದರು. ನಡುವೆ ಗ್ಯಾಂಗಿನ ಮುಂದಾಳು ಉಜ್ವಲಾ.

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಾಗಿದ ದ್ರಾಕ್ಷಿಯ ಮೇಲೆ ಒಂದು ಮಳೆ ಹೊಡೆದರೂ ಕಾಯಿ ಸೀಳುತ್ತವೆ; ವರ್ಷದ ದುಡಿಮೆ ಬಳ್ಳಿಯಲ್ಲೇ ಕೊಳೆಯುತ್ತದೆ. ಬಾಬಾಸಾಹೇಬರ ಮಗ ವಿಶಾಲ ಮೋಟರ್‌ಸೈಕಲ್ ನಿಲ್ಲಿಸಿ ಮೋಡದ ಕಡೆ ನೋಡಿದ, ಹೆಂಗಸರ ಕಡೆ ನೋಡಿದ. ಯಾಕೆ ಕೂತಿದ್ದೀರಿ ಎಂದು ಕೇಳಿದ. ಕೂಲಿ ಕಡಿಮೆಯಾಯಿತೆಂದು ಸಿಟ್ಟೇ ಎಂದ. ಅವನು ಮೋಟರ್‌ಸೈಕಲ್ಲಿನಿಂದ ಇಳಿದ ಮೇಲೆ ಉಜ್ವಲಾ ಬಾಯಿ ಬಿಟ್ಟಳು.

"ನಿಮ್ಮ ಚಾನೆಲ್ಲಿನಾಗ ನನ್ನ ಹಾಡ ಐತೆಲ್ಲರಿ, ಅದನ್ನ ತಗೀರಿ. ಆಮ್ಯಾಲೆ ಕತ್ರಿ ಹಿಡೀತೀವಿ."

ವಿಶಾಲ ನಕ್ಕ. ಆ ಸಂಗತಿಗೆ ಒಂದು ವರ್ಷದ ಮೇಲಾಗಿತ್ತು. ಅವಳು ಮರೆತಿದ್ದಾಳೆಂದೇ ಅವನು ತಿಳಿದಿದ್ದ.

ಉಜ್ವಲಾಳ ಮಗಳು ನೀಲಮಳಿಗೆ ಒಂಬತ್ತು ವರ್ಷ. ಏಳನೆಯ ವರ್ಷದಲ್ಲಿ ಅವಳ ತುಟಿಯ ಸುತ್ತ, ಕಣ್ಣಿನ ಅಂಚಿಗೆ ಬಿಳಿ ಕಲೆಗಳು ಮೂಡಿದವು. ಸಾಲೆಯ ಹುಡುಗರು 'ಸುಣ್ಣದ ಡಬ್ಬಿ' ಎಂದು ಕರೆಯತೊಡಗಿದಾಗ ಹುಡುಗಿ ತಲೆ ಬಾಚಿಕೊಳ್ಳುವುದಕ್ಕೂ ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟಳು. ಆಗ ಉಜ್ವಲಾ ಅವಳ ಜಡೆ ಹೆಣೆಯುತ್ತ ಒಂದು ಹಾಡು ಕಟ್ಟಿದಳು:

ಕನ್ನಡೀ ಕನ್ನಡೀ, ಕೇಳದ ನೀ ಹೇಳಬ್ಯಾಡ
ನನ್ನ ಮಾರಿ ನನಗ ಚಂದ, ತಕ್ಕಡ್ಯಾಗ ಇಡಬ್ಯಾಡ

ದ್ರಾಕ್ಷಿ ಕತ್ತರಿಸುವಾಗ ಗ್ಯಾಂಗಿನವರೆಲ್ಲ ಅದನ್ನು ಹಾಡುತ್ತಿದ್ದರು. ವಿಶಾಲನ ಕಿವಿಗೆ ಬಿತ್ತು. ಅವನಿಗೆ ಅಥಣಿಯಲ್ಲಿ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ, ಸಣ್ಣದೊಂದು ಸ್ಟುಡಿಯೊ ಇತ್ತು. ಉಜ್ವಲಾಳನ್ನು ಕರೆದೊಯ್ದು ಹಾಡಿಸಿದ, ಕೀಬೋರ್ಡು, ಡ್ರಮ್ಮಿನ ಠೇಕಾ ಕೂಡಿಸಿದ. ಕೇಳಿದರೆ ಕಾಲು ತಾವಾಗಿ ಕುಣಿಯುವಂತಿತ್ತು. ವಿಡಿಯೊದಲ್ಲಿ ನೀಲಮಳೇ ಇರುತ್ತಾಳೆಂದು ಮಾತು ಕೊಟ್ಟ.

ಶೂಟಿಂಗಿನ ದಿನ ನೀಲಮ ಹೊಸ ಫ್ರಾಕು ಹಾಕಿಕೊಂಡು ಮುಂಜಾನೆಯಿಂದ ಶೆಡ್ಡಿನ ನೆರಳಲ್ಲಿ ಕುಳಿತಳು. ಈಗ ಕರೆಯುತ್ತಾರೆ, ಇನ್ನೊಂದು ಗಳಿಗೆಗೆ ಕರೆಯುತ್ತಾರೆ. ಕ್ಯಾಮೆರಾದ ಮುಂದೆ ಕುಣಿದದ್ದು ವಿಶಾಲನ ಅಕ್ಕನ ಮಗಳು ಸರಿತಾ. ಬಿಸಿಲು ಇಳಿದ ಮೇಲೆ ವಿಶಾಲ ಬಂದು, ಹುಡುಗಿಯ ಮುಂದೆಯೇ ಹೇಳಿದ್ದ: "ಕ್ಯಾಮೆರಾದಾಗ ಕಲಿ ಭಾಳ ಕಾಣ್ತಾವ ಉಜ್ವಲಕ್ಕಾ. ನೋಡೂ ಮಂದಿ ಮಾರಿ ತಿರವ್ತಾರ."

ಮರುದಿನದಿಂದ ನೀಲಮ ಬಾಯಿಗೆ ಓಡಣಿ ಕಟ್ಟಿಕೊಂಡು ಸಾಲೆಗೆ ಹೋಗತೊಡಗಿದಳು.

ಹಾಡು ಹರಡಿತು. ಚಿಕ್ಕೋಡಿ, ರಾಯಬಾಗದ ಸಾಲೆಗಳ ವಾರ್ಷಿಕ ಗ್ಯಾದರಿಂಗಿನಲ್ಲಿ ಮಕ್ಕಳು ಅದಕ್ಕೆ ಕುಣಿದರು. ಮನೆಮಂದಿಯೆಲ್ಲ ಕೂತು ಕೇಳುವ ಹಾಡು ಎಂದು ಮಾಸ್ತರರು ಮೆಚ್ಚಿದರು. ನಿಪ್ಪಾಣಿಯಲ್ಲಿ ವಿಶಾಲನಿಗೆ ಶಾಲು ಹೊದಿಸಿದರು. ಪ್ರತಿ ಮಗುವಿಗೂ ತನ್ನ ಮುಖದ ಬಗ್ಗೆ ಅಭಿಮಾನವಿರಬೇಕು ಎಂದು ಅವನು ಮೈಕಿನಲ್ಲಿ ಮಾತಾಡಿದ. ಉಜ್ವಲಾ ಅದನ್ನು ಮೊಬೈಲಿನಲ್ಲಿ ಮೂರು ಸಲ ನೋಡಿದಳು.

ಈ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲಿ ವಿಶಾಲನ ತಾಯಿ ಅಕ್ಕವ್ವ ರೂಢಿಯಂತೆ ಗ್ಯಾಂಗಿನ ಹೆಂಗಸರನ್ನು ಕರೆದು ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಒಂದು ಕುಬಸದ ಕಣ. ಒಮ್ಮೆ ಉಡಿ ತುಂಬಿಸಿಕೊಂಡ ಗ್ಯಾಂಗು ಸುಗ್ಗಿ ಮುಗಿಯುವವರೆಗೂ ಆ ಪಡದ್ದು. ಬೇರೆ ಗ್ಯಾಂಗಿನವರು ಅಲ್ಲಿ ಗೊನೆಗೆ ಕೈ ಹಚ್ಚುವುದಿಲ್ಲ. ಉಜ್ವಲಾ ನಗುನಗುತ್ತ ಸೆರಗೊಡ್ಡಿದ್ದಳು.

ವಿಶಾಲ ಈಗ ಬದುವಿನ ಆಚೆ ನಿಂತು ಫೋನು ಹಚ್ಚಿದ. ಅಥಣಿಯ ಗ್ಯಾಂಗು, ಮುಗಳಖೋಡದ ಗ್ಯಾಂಗು, ಕಡೆಗೆ ಗಡಿಯಾಚೆಯ ಮರಾಠಿ ಹೆಂಗಸರ ಗ್ಯಾಂಗು. ಎಲ್ಲರೂ ಕೇಳಿದ್ದು ಒಂದೇ, ಉಡಿ ಯಾರದು? ಉಜ್ವಲಾಳದು ಎಂದೊಡನೆ, ಅವಳಿಂದ ಒಂದು ಮಾತು ಹೇಳಿಸಿರಿ, ಬರುತ್ತೇವೆ ಎಂದರು. ಅವನು ಫೋನನ್ನು ಅವಳ ಮುಂದೆ ಹಿಡಿದ. ಅವಳು ಕೈ ಮುಂದೆ ಮಾಡಲಿಲ್ಲ.

ಆಮೇಲೆ ಅವನ ದನಿ ಇಳಿಯಿತು. ನಾಳೆಯೇ ಹೊಸ ವಿಡಿಯೊ ಮಾಡೋಣ, ನೀಲಮಳನ್ನೇ ನಡುವೆ ನಿಲ್ಲಿಸೋಣ, ನಿನ್ನ ಹೆಸರನ್ನು ದೊಡ್ಡದಾಗಿ ಹಾಕೋಣ ಎಂದ. ಹೆಂಗಸರೆಲ್ಲ ಉಜ್ವಲಾಳ ಮುಖ ನೋಡಿದರು. ಹೋದ ವರ್ಷ ಇದೇ ಮಾತಿಗೆ ಅವಳು ಹಬ್ಬ ಮಾಡುತ್ತಿದ್ದಳು. ಹಿರಿಯಳಾದ ಲಗಮವ್ವ, ಒಪ್ಪಿಕೊಂಡುಬಿಡು, ನಮ್ಮ ಕೂಲಿಯೂ ಉಳಿಯುತ್ತದೆ ಎಂದು ಮೊಳಕೈ ತಿವಿದಳು.

"ಮಳಿಗಿ ಅಂಜಿ ತಗದ ವಿಡಿಯೊದಾಗ ನನ್ನ ಮಗಳ ನಿಂದ್ರಂಗಿಲ್ಲರಿ," ಎಂದಳು ಉಜ್ವಲಾ. "ನನ್ನ ದನಿ ನನಗ ಹೊಳ್ಳಿ ಕೊಡ್ರಿ."

ಇಪ್ಪತ್ತು ಲಕ್ಷ ಜನ ನೋಡಿದ್ದಾರೆ ಎಂದ ವಿಶಾಲ. ಎಷ್ಟು ಊರಿನ ಮಕ್ಕಳ ಬಾಯಲ್ಲಿದೆ, ಆ ಮಕ್ಕಳು ನಿನಗೇನು ಮಾಡಿದ್ದಾರೆ ಎಂದ. ಈ ಮಾತು ಅವಳಿಗೆ ನಟ್ಟಿತು. ಆದರೆ ಕತ್ತರಿ ಎತ್ತಲಿಲ್ಲ.

ಸುದ್ದಿ ಮನೆಗೆ ಮುಟ್ಟಿ ಅಕ್ಕವ್ವ ತಾನೇ ನಡೆದು ಬಂದಳು. ಲಗಮವ್ವನಿಂದ ಎಲ್ಲವನ್ನೂ ಕೇಳಿ ತಿಳಿದಳು. ನೀಲಮ ದಿನವಿಡೀ ಕೂತದ್ದು, ಸಂಜೆ ಮಗ ಆಡಿದ ಮಾತು, ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಅವಳು ಮೊದಲು ಉಜ್ವಲಾಳ ಕಡೆ ತಿರುಗಿದಳು.

"ಉಡಿ ತುಂಬೂಮುಂದ ನಕ್ಕಿದ್ದೆಲ್ಲ ಬೇ. ಅವಾಗ ಇದು ನಿನ್ನ ಮನಸಿನಾಗ ಇತ್ತೇನು?"

"ಇತ್ತರಿ ಆಯಿ."

"ನನ್ನ ಕೈಲೆ ಇಸ್ಕೊಂಡ ಅಕ್ಕೀಲೆ ನನ್ನ ಮನಿಗಿ ಬೆಂಕಿ ಹಚ್ಚಿದಿ. ಮುಂದಿನ ವರ್ಸ ನಿನ್ನ ಉಡಿ ತುಂಬಂಗಿಲ್ಲ."

"ಬ್ಯಾಡ್ರಿ."

ಅಕ್ಕವ್ವ ಮಗನಿಗೆ ಹೆಚ್ಚು ಹೇಳಲಿಲ್ಲ. ಉಡಿಯ ಮಾತು ಕೆಟ್ಟರೆ ಮುಂದೆ ಯಾವ ಹೆಂಗಸೂ ಈ ಬದು ತುಳಿಯುವುದಿಲ್ಲ, ಆ ಹುಡುಗಿಗೆ ಅಂದದ್ದರ ಫಲ ನುಂಗಿಕೊ, ಹಾಡು ತೆಗೆ ಎಂದಳು. ವಿಶಾಲ ಉಜ್ವಲಾಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊಬೈಲು ತೆರೆದ. ಹಾಡನ್ನು ಅಳಿಸಿದ. ಅವಳು ತನ್ನ ಮೊಬೈಲಿನಲ್ಲಿ ಹುಡುಕಿ ನೋಡಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಾಲಿಗೆ ಇಳಿದಳು.

ಹನ್ನೊಂದು ಮಂದಿ ಕತ್ತಲಾಗುವವರೆಗೆ ಕತ್ತರಿಸಿದರು. ಯಾರೂ ಹಾಡಲಿಲ್ಲ. ಮೋಡ ಹಾಗೆಯೇ ತೇಲಿ ಕೃಷ್ಣೆಯ ಆಚೆ ಹೋಯಿತು. ಆ ವಾರ ಒಂದು ಹನಿಯೂ ಬೀಳಲಿಲ್ಲ.

ಮನೆಗೆ ಬಂದು ರೊಟ್ಟಿ ಬಡಿಯುತ್ತ ಉಜ್ವಲಾ ಮಗಳಿಗೆ ನಡೆದದ್ದನ್ನೆಲ್ಲ ಹೇಳಿದಳು. ನೀಲಮ ಊಟದ ಮುಂದೆ ಕೂತು ಕೇಳಿದಳು. ಆಮೇಲೆ, ಸರಿತಾಗೆ ಗೊತ್ತಾಗಿದೆಯೇ ಎಂದು ಕೇಳಿದಳು. ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ ಎಂದಳು ಉಜ್ವಲಾ.

"ಅಳಾಕತ್ತಿರತಾಳ," ಎಂದಳು ನೀಲಮ.

ಮಗಳ ದನಿಯಲ್ಲಿ ಮರುಕವಿದೆಯೇ ಎಂದು ಉಜ್ವಲಾ ಕಿವಿಗೊಟ್ಟಳು. ಸರಿತಾ ಅವಳಿಗಿಂತ ಒಂದೇ ವರ್ಷ ದೊಡ್ಡವಳು.

"ಅಳ್ಲಿ," ಎಂದು ನೀಲಮ ತುತ್ತು ಮುರಿದಳು.

ಹಂಗ ಅನಬಾರದವ್ವ ಎಂಬ ಮಾತು ಉಜ್ವಲಾಳ ನಾಲಗೆಯ ತುದಿಗೆ ಬಂತು. ಅದನ್ನು ಹೇಳುವ ಬಾಯಿ ತನ್ನದಲ್ಲ ಅನ್ನಿಸಿತು. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಸುಡುವವರೆಗೆ ಅದನ್ನೇ ನೋಡುತ್ತ ಕೂತಳು.